ಟಿಶ್ಯೂ ಡಬ್ಬಿಯ ಪಕ್ಕದ ಹಮ್ಮಸ್

ಮೊದಲೇ ಹೇಳಿಬಿಡುತ್ತೇನೆ, ನಾನು ಈಗ ಕೆಂಡಾಮಂಡಲವಾಗಿದ್ದೇನೆ. ನಿಮ್ಮ ಮೇಲಲ್ಲ. ನನ್ನ ಅತ್ತೆಯ ಮೇಲೆ, ಅತ್ತೆಯ ಮಗಳ ಮೇಲೆ (ಅಂದರೆ ನನ್ನ ಹೆಂಡತಿಯ ಮೇಲೆ, ಸಿಟ್ಟು ಬಂದಾಗ ನಾನು ಸಂಬಂಧಗಳನ್ನು ಹೀಗೆ ಸುತ್ತಿಬಳಸಿ ಹೇಳುತ್ತೇನೆ), ಮತ್ತು ಅತ್ತೆಯ ಮನೆಯ ಮೂರು ಕಾಲಿನ ಕಲ್ಲೊರಳಿನ ಮೇಲೆ. ಕಲ್ಲಿನ ಮೇಲೂ ಸಿಟ್ಟು ಮಾಡಿಕೊಳ್ಳುತ್ತಾನಲ್ಲ ಎಂದು ನೀವು ನಗಬಹುದು. ನೀವು ಆ ಕಲ್ಲಿನ ಜೊತೆ ಸಂಸಾರ ಮಾಡಿಲ್ಲ.

ನನ್ನ ಹೆಸರು ಶಫೀಕ್. ಮೆಕ್ಸಿಕೋದ ಪುಯೆಬ್ಲಾ ಪೇಟೆಯಲ್ಲಿ ಬಟ್ಟೆ, ಗುಂಡಿ, ಲೇಸು ಮಾರುವ ಅಂಗಡಿ ನನ್ನದು. ನಮ್ಮಜ್ಜ ಲೆಬನಾನಿನಿಂದ ಹಡಗು ಹತ್ತಿ ವೆರಾಕ್ರೂಸ್ ಬಂದರಿನಲ್ಲಿ ಇಳಿದವರು. ಆಗ ಅವರ ಊರನ್ನು ಆಳುತ್ತಿದ್ದವರು ತುರ್ಕರು. ತುರ್ಕರ ಕಾಟ ತಾಳಲಾರದೆ ಮೆಕ್ಸಿಕೋಗೆ ಓಡಿಬಂದವರಿಗೆ ಮೆಕ್ಸಿಕೋದವರು ಕೊಟ್ಟ ಹೆಸರೇನು ಗೊತ್ತೆ? ತುರ್ಕ! ಮೂರು ತಲೆಮಾರಾದರೂ ಆ ಬಿರುದು ನಮ್ಮನ್ನು ಬಿಟ್ಟಿಲ್ಲ. ನನ್ನ ಅತ್ತೆ ದೋನ್ಯಾ ಹೊವೀತಾ ನನ್ನನ್ನು ಸರಿಯಾದ ಹೆಸರಿನಿಂದ ಕರೆದದ್ದು ಮದುವೆಯ ದಿನ ಮಾತ್ರ, ಅದೂ ಪಾದ್ರಿಗಳು ಎದುರಿಗಿದ್ದರು ಎಂಬ ಕಾರಣಕ್ಕೆ.

ಅಂಗಡಿಯ ಮೇಲಿನ ನನ್ನ ಮನೆ ಸೋರುತ್ತಿದೆ ಎಂದು ಒಂದು ತಿಂಗಳ ಮಟ್ಟಿಗೆ ಅತ್ತೆ ಮನೆಗೆ ಬಂದೆವು. ಹನ್ನೊಂದು ವರ್ಷವಾಯಿತು. ಸೋರುವುದು ಎಂದೋ ನಿಂತಿದೆ. ಅದನ್ನು ನೆನಪಿಸಿದಾಗಲೆಲ್ಲ ನನ್ನ ಹೆಂಡತಿ ಒತೀಲಿಯಾಗೆ ತಲೆನೋವು ಬರುತ್ತದೆ. ಹೀಗೆ ನಾನು ಮನೆಅಳಿಯನಾದೆ. ಅಳಿಯ ಬಂದರೆ ಹಬ್ಬದಡುಗೆ ಮಾಡುವ ದೇಶಗಳೂ ಭೂಮಿಯ ಮೇಲೆ ಇವೆಯಂತೆ. ಇರಲಿ, ಅವರ ಪುಣ್ಯ.

ಈಗ ಅತ್ತೆಯ ಮಕ್ಕಳೆಲ್ಲ ಸೇರುವ ಭಾನುವಾರದ ಊಟದ ಮೇಜಿಗೆ ಬನ್ನಿ. ನಟ್ಟ ನಡುವೆ, ಸಿಂಹಾಸನಾರೂಢವಾಗಿ, ಆ ಕಪ್ಪು ಒರಳು. ಅದರೊಳಗೆ ಬೆಣ್ಣೆಹಣ್ಣು ಅರೆದು ಮಾಡಿದ ಗ್ವಾಕಮೋಲೆ. ಅದರ ನಡುವೆ ಹಣ್ಣಿನ ಬೀಜವೊಂದನ್ನು ಕೂರಿಸಿರುತ್ತಾರೆ, ಕಪ್ಪಾಗಬಾರದು ಎಂದು. (ಕಪ್ಪಾಗಿಯೇ ಆಗುತ್ತದೆ. ಹೇಳಿ ನೋಡಿ, ನಿಮ್ಮನ್ನೇ ಮನೆಯಿಂದ ಆಚೆ ಹಾಕುತ್ತಾರೆ.) ಮೇಜಿನ ಕಟ್ಟಕಡೆಗೆ, ಟಿಶ್ಯೂ ಡಬ್ಬಿಯ ಪಕ್ಕದಲ್ಲಿ, ಬಟ್ಟೆ ಮುಚ್ಚಿಕೊಂಡು ಒಂದು ಹಿತ್ತಾಳೆ ಬಟ್ಟಲು. ಅದು ನಮ್ಮಮ್ಮನ ಬಟ್ಟಲು. ಅದರಲ್ಲಿ ನಾನು ಮಾಡಿದ ಹಮ್ಮಸ್. ಅದರ ಮುಂದೆ ನಾನು.

ನ್ಯಾಯವಾಗಿ ನೀವೇ ಹೇಳಿ. ಹಮ್ಮಸ್ ಎಂದರೆ ಏನು ಸುಮ್ಮನೆಯೆ? ಹಿಂದಿನ ದಿನವೇ ಕಾಬೂಲಿ ಕಡಲೆ ನೆನೆಹಾಕಬೇಕು. ಬೆಣ್ಣೆಯಂತೆ ಬೇಯಿಸಬೇಕು. ಒಂದೊಂದೇ ಕಾಳಿನ ಸಿಪ್ಪೆಯನ್ನು ಮಗುವಿನ ಕಾಲುಚೀಲ ತೆಗೆದಷ್ಟು ನಯವಾಗಿ ತೆಗೆಯಬೇಕು. ಅರೆದ ಎಳ್ಳು, ನಿಂಬೆಹುಳಿ, ಬೆಳ್ಳುಳ್ಳಿ, ಮೇಲೆ ಆಲಿವ್ ಎಣ್ಣೆಯ ಪುಟ್ಟ ಕೊಳ. ಮೂರು ದಿನ ಇಟ್ಟರೂ ಮುಖ ಬಾಡುವುದಿಲ್ಲ. ಅದೊಂದು ತಪಸ್ಸು, ಸ್ವಾಮಿ! ಗ್ವಾಕಮೋಲೆ? ಹಣ್ಣು ಕೊಯ್ದರು, ಜಜ್ಜಿದರು, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಎಸೆದರು, ಮುಗಿಯಿತು. ಅಡುಗೆಯೋ ಅಪಘಾತವೋ? ಅರ್ಧ ಗಂಟೆಯಲ್ಲಿ ಅದರ ಬಣ್ಣ ನೋಡಿದರೆ ಅಯ್ಯೋ ಪಾಪ ಎನಿಸುತ್ತದೆ.

ಇದನ್ನೆಲ್ಲ ನಾನು ಒತೀಲಿಯಾಗೆ ಎಷ್ಟೋ ಸಲ ವಿವರಿಸಿದ್ದೇನೆ.

"ಕಡಲೆಗೋಸ್ಕರ ಇಷ್ಟು ಕೂಗಾಡೋ ಗಂಡಸನ್ನ ನಾನು ಇನ್ನೆಲ್ಲೂ ನೋಡಿಲ್ಲ," ಎನ್ನುತ್ತಾಳೆ.

"ಇದು ಕಡಲೆ ವಿಷಯ ಅಲ್ಲ ಕಣೇ, ಮರ್ಯಾದೆ ವಿಷಯ!"

"ಹೌದಾ? ಹಾಗಾದ್ರೆ ಮರ್ಯಾದೆ ನೆನೆಹಾಕಿದ್ಯಾ, ಇಲ್ಲ ಅದನ್ನೂ ನಾನೇ ಹಾಕಬೇಕಾ?"

ಹೀಗೆ ಉರಿಯುತ್ತಿದ್ದ ಒಲೆಗೆ ಎಣ್ಣೆ ಸುರಿದದ್ದು ವೆರಾಕ್ರೂಸಿನಿಂದ ಬಂದ ಬಾಬಾನ ಫೋನು. ಬಾಬಾ ಎಂದರೆ ನನ್ನ ತಂದೆ, ನಾಯೆಫ್.

"ಭಾನುವಾರ ಬರ್ತಿದ್ದೀನಿ," ಎಂದರು. "ಬೀಗರ ಮನೇಲಿ ಊಟ ಮಾಡಿ ಯಾವ ಕಾಲ ಆಯ್ತು. ನಮ್ಮ ಹಮ್ಮಸ್ ಎಲ್ಲಿ ಕೂತಿರುತ್ತೆ ನೋಡ್ಬೇಕು."

ಬಾಬಾನದೊಂದು ಸಿದ್ಧಾಂತವಿದೆ. ಬೀಗರ ಮನೆಯ ಮೇಜಿನಲ್ಲಿ ನಮ್ಮ ಹಮ್ಮಸ್ ಎಲ್ಲಿ ಕೂತಿರುತ್ತದೋ ನಮ್ಮ ಮಗುವಿನ ಜಾಗವೂ ಅದೇ. ನನ್ನ ಅಕ್ಕನ ಅತ್ತೆಮನೆಯಲ್ಲಿ ಹಮ್ಮಸ್ ಅಡುಗೆಮನೆಯಲ್ಲೇ ಉಳಿಯಿತೆಂದು ಇವತ್ತಿಗೂ ಅವರು ಆ ಮನೆಯ ಮೆಟ್ಟಿಲು ಹತ್ತಿಲ್ಲ.

"ನೀನು ಮೂಲೇಲಿ ಇದ್ರೆ," ಎಂದರು ಬಾಬಾ, "ಆ ಗುಂಡಿ ಅಂಗಡಿ ಬಾಗಿಲು ಹಾಕಿ ನನ್ನ ಜೊತೆ ಬಂದುಬಿಡು. ಹೆಂಡತಿ ಬಂದ್ರೆ ಬರಲಿ."

ಒತೀಲಿಯಾ ಬರುವುದಿಲ್ಲ. ನನಗದು ಚೆನ್ನಾಗಿ ಗೊತ್ತು. ನನ್ನ ಸಂಸಾರ ಉಳಿಯುವುದು ಈಗ ಒಂದು ಬಟ್ಟಲು ಹಮ್ಮಸ್ ಎಲ್ಲಿ ಕೂರುತ್ತದೆ ಎಂಬುದರ ಮೇಲೆ. ನಾನು ಎದೆ ಸೆಟೆಸಿಕೊಂಡು ಅಡುಗೆಮನೆಗೆ ನುಗ್ಗಿದೆ.

"ಅತ್ತೆ, ಈ ಭಾನುವಾರ ಹಮ್ಮಸ್ ನಡುವೆ ಇಡೋಣ."

"ಯಾವುದರ ನಡುವೆ?"

"ಮೇಜಿನ ನಡುವೆ. ಬಾಬಾ ಬರ್ತಿದ್ದಾರೆ."

"ಬರಲಿ, ಸಂತೋಷ. ಆದ್ರೆ ನಡುವೆ ಒರಳಿರುತ್ತಲ್ಲೋ."

"ಒಂದು ದಿನ ಒರಳು ಪಕ್ಕಕ್ಕೆ ಸರಿದರೆ ಆಕಾಶ ಕಳಚಿ ಬೀಳುತ್ತಾ?"

"ಅದು ನಮ್ಮಜ್ಜಿ ಒರಳು. ಅವಳು ಕೂರಿಸಿದ ಜಾಗದಿಂದ ನಮ್ಮಮ್ಮನೇ ಸರಿಸಲಿಲ್ಲ. ನೀನ್ಯಾವನೋ ಸರಿಸೋಕೆ, ತುರ್ಕ?"

"ನಾನು ತುರ್ಕ ಅಲ್ಲ!"

"ಅಲ್ಲದಿದ್ರೆ ಬಿಡು, ಅರಚೋದ್ಯಾಕೆ? ನೋಡು, ನನಗೇನೂ ಹಠ ಇಲ್ಲ. ಒರಳಲ್ಲಿ ಏನಿರುತ್ತೋ ಅದು ನಡುವೆ. ನಮ್ಮಜ್ಜಿ ಕಾಲದಿಂದ ಇಷ್ಟೇ ಕಾನೂನು."

ಒರಳಲ್ಲಿ ಏನಿರುತ್ತೋ ಅದು ನಡುವೆ! ನನ್ನ ತಲೆಯಲ್ಲಿ ದೀಪ ಹತ್ತಿಕೊಂಡಿತು. ಇಷ್ಟು ವರ್ಷ ಹೊಳೆಯದ ವಿದ್ಯೆ. ಹಮ್ಮಸನ್ನು ಒರಳಲ್ಲೇ ಅರೆದರೆ?

ಆ ಒರಳಿನ ಬಗ್ಗೆ ಒಂದು ಮಾತು. ಅದಕ್ಕೆ ಸೋಪು ತಾಗಿಸುವಂತಿಲ್ಲ. ನೀರಲ್ಲಿ ತೊಳೆದು ಬೋರಲು ಹಾಕಬೇಕು, ಅಷ್ಟೇ. ಮೂರು ತಲೆಮಾರಿನ ಹೆಂಗಸರ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಎಲ್ಲವನ್ನೂ ಕುಡಿದು ಕೂತಿದೆ ಆ ಕಲ್ಲು. ಜೊತೆಗೆ ಈ ಊರಿನ ಹೆಂಗಸರದೊಂದು ನಂಬಿಕೆ: ಸಿಟ್ಟಿನಲ್ಲಿ ಅರೆದರೆ ಖಾರ ಏರುತ್ತದಂತೆ. ಮಾವ ಬದುಕಿದ್ದಾಗ ಅತ್ತೆಯ ಗ್ವಾಕಮೋಲೆ ತಿಂದರೆ ಕಿವಿಯಲ್ಲಿ ಹೊಗೆ ಬರುತ್ತಿತ್ತು. ಮಾವ ತೀರಿಕೊಂಡ ಮೇಲೆ ಅದು ಯಾಕೋ ಸಪ್ಪೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಮನೆಅಳಿಯ ಹೇಗೆ ಹೇಳಿಯಾನು?

ಭಾನುವಾರ ಎಲ್ಲರೂ ಚರ್ಚಿಗೆ ಹೊರಟರು. ನಾನು ಹೊಟ್ಟೆನೋವು ಎಂದು ಮುಲುಗುತ್ತ ಮಂಚದಲ್ಲೇ ಉಳಿದೆ. ಬಾಗಿಲು ಮುಚ್ಚಿದ ಸದ್ದಾದದ್ದೇ ತಡ, ಚಂಗನೆ ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಅತ್ತೆ ಸಂತೆಯಿಂದ ತಂದ ಬೆಣ್ಣೆಹಣ್ಣುಗಳು ಬುಟ್ಟಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವು. "ಇವತ್ತಿಗೋ ನಾಳೆಗೋ?" ಎಂದು ಹಣ್ಣಿನವನು ಕೇಳಿ, ಅದುಮಿ ನೋಡಿ, ಸರಿಯಾಗಿ ಇವತ್ತಿಗೇ ಕೊಟ್ಟ ಹಣ್ಣುಗಳು. ಅವುಗಳ ಮೇಲೊಂದು ಬಟ್ಟೆ ಎಸೆದೆ. ಬಟ್ಟೆಯ ಕೆಳಗೆ ಇರುವುದು ಹೇಗಿರುತ್ತದೆ ಎಂದು ಅವಕ್ಕೂ ತಿಳಿಯಲಿ!

ಬೇಯಿಸಿಟ್ಟ ಕಡಲೆಯನ್ನು ಒರಳಿಗೆ ಸುರಿದು ಗುಂಡುಕಲ್ಲು ಹಿಡಿದೆ. ಮೊದಲ ಏಟಿಗೇ ಕಡಲೆಗಳು ನಾಲ್ಕೂ ದಿಕ್ಕಿಗೆ ಹಾರಿದವು. ಒಂದು ನನ್ನ ಕನ್ನಡಕಕ್ಕೇ ಬಡಿಯಿತು. ನನಗೆ ತಲೆ ಕೆಟ್ಟುಹೋಯಿತು. ಇದು ತುರ್ಕ ಅಂದಿದ್ದಕ್ಕೆ! ಗುದ್ದಿದೆ. ಇದು ಟಿಶ್ಯೂ ಡಬ್ಬಿಗೆ! ಗುದ್ದಿದೆ. ಇದು ನಮ್ಮಮ್ಮನ ಹಮ್ಮಸನ್ನು 'ಗೋಡೆಗೆ ಮೆತ್ತೋ ಗಾರೆ' ಅಂದಿದ್ದಕ್ಕೆ! ಇದು ನಿಂತುಹೋದ ಸೋರಿಕೆಗೆ, ಇದು ಒತೀಲಿಯಾಳ ತಲೆನೋವಿಗೆ! ಬೆವರು ಇಳಿಯಿತು, ಅಂಗೈಯಲ್ಲಿ ಬೊಬ್ಬೆ ಎದ್ದಿತು. ನೋಡುತ್ತೇನೆ, ಹಮ್ಮಸ್ ಎಂದಿನ ಬಿಳುಪಿನದಲ್ಲ, ಅಲ್ಲಲ್ಲಿ ಹಸಿರು ಕೆಂಪು ಚುಕ್ಕೆ. ಕಲ್ಲು ಕುಡಿದದ್ದನ್ನೆಲ್ಲ ಕಕ್ಕಿತ್ತು. ತೆಗೆಯಲು ಹೊತ್ತಿರಲಿಲ್ಲ. ಒರಳನ್ನು ಹೊತ್ತು ತಂದು ನಡುವೆ ಕೂರಿಸಿ ಎಣ್ಣೆ ಸುರಿದೆ.

ಅತ್ತೆ ಚರ್ಚಿನಿಂದ ಬಂದವರು ತಲೆಯ ಶಾಲು ಕೂಡ ತೆಗೆಯದೆ ಮೇಜಿನ ಮುಂದೆ ಕಂಬದಂತೆ ನಿಂತರು. ಬಾಯಿ ತೆರೆದರು. ನನ್ನ ಹನ್ನೊಂದು ವರ್ಷದ ಸಂಸಾರ ಆ ಬಾಯೊಳಗೆ ಕಾಣಿಸಿತು. ಅಷ್ಟರಲ್ಲಿ ದೇವರ ದಯೆ, ಕರೆಗಂಟೆ ಮೊಳಗಿತು. ಬಾಬಾ!

"ಬನ್ನಿ ಬೀಗರೇ," ಎಂದರು ಅತ್ತೆ, ತೆರೆದ ಬಾಯನ್ನು ಹಾಗೇ ನಗುವಾಗಿ ತಿರುಗಿಸಿ. ಒಪ್ಪಿಕೊಳ್ಳಬೇಕು, ಹೆಂಗಸು ಗಟ್ಟಿ.

ಬಾಬಾ ಮೇಜು ನೋಡಿದರು. ನಡುವೆ ನೋಡಿದರು. ಮೀಸೆಯ ಎರಡೂ ತುದಿ ಮೇಲೇರಿದವು. ರೊಟ್ಟಿ ಮುರಿದು, ಒಂದು ತುತ್ತು ಬಳಿದು ಬಾಯಿಗಿಟ್ಟರು. ಅಗಿಯುವುದು ನಿಂತಿತು. ಕಣ್ಣು ತುಂಬಿತು. ಅಮ್ಮನ ನೆನಪಾಯಿತೆಂದು ನನ್ನ ಕಣ್ಣೂ ತುಂಬಿತು. ಆಮೇಲೆ ಅವರು ನೀರಿನ ಲೋಟಕ್ಕೆ ಕೈಚಾಚಿದರು.

"ಯಾರು ಮಾಡಿದ್ದು ಇದನ್ನ?"

"ನಾನೇ, ಬಾಬಾ."

"ಯಾರ ಮೇಲೆ ಸಿಟ್ಟಿಟ್ಕೊಂಡು ಅರೆದೆ?"

ನಾನು ಬೊಬ್ಬೆ ಎದ್ದ ಅಂಗೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟೆ.

"ನಿಮ್ಮಮ್ಮ ತಣ್ಣಗಿದ್ದ ದಿನ ಹಮ್ಮಸೂ ತಣ್ಣಗಿರ್ತಿತ್ತು," ಎಂದರು ಬಾಬಾ, ಮೂಗೊರೆಸಿಕೊಳ್ಳುತ್ತ. "ನನ್ನ ಮೇಲೆ ಉರಿದುಬಿದ್ದ ದಿನ ಮಾತ್ರ ಈ ರುಚಿ. ಅದಕ್ಕೇ ನಾನು ಆಗಾಗ ಬೇಕಂತಲೇ ಮನೆಗೆ ತಡವಾಗಿ ಹೋಗ್ತಿದ್ದೆ."

ಅತ್ತೆ ಹುಬ್ಬೇರಿಸಿದರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಮೆಕ್ಕೆಜೋಳದ ಗರಿಗರಿ ರೊಟ್ಟಿಯ ಚೂರೊಂದನ್ನು ನನ್ನ ಹಮ್ಮಸಿಗೆ ಅದ್ದಿದರು. ಅಗಿದರು. ಇನ್ನೊಂದು ಚೂರು ಅದ್ದಿದರು. ಗೆದ್ದೆ ಎಂದುಕೊಂಡೆ, ಮೂರ್ಖ!

"ನೋಡಿ ಬೀಗರೇ," ಎಂದರು ಅತ್ತೆ, ದನಿ ಸ್ವಲ್ಪ ಇಳಿಸಿ. "ನಮ್ಮನೆಯವರು ಹೋದ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ನನಗೆ ಯಾರೂ ಇಲ್ಲ. ಕೈ ತಣ್ಣಗಾಗಿಬಿಟ್ಟಿದೆ. ಮಕ್ಕಳೆಲ್ಲ ಸುಮ್ಮನೆ ತಿಂತಾರೆ, ನನಗೆ ಗೊತ್ತಾಗಲ್ವಾ? ನಿಮ್ಮ ಮಗ ಮನೆಯೊಳಗೆ ಇಷ್ಟು ಸಿಟ್ಟು ಇಟ್ಕೊಂಡು ಇಷ್ಟು ವರ್ಷ ದಂಡಕ್ಕೆ ಕೂತಿದ್ದಾನಲ್ಲ!"

"ನನಗೇನು ಗೊತ್ತಿತ್ತು, ಬೀಗಿತ್ತಿಯವರೇ," ಎಂದರು ಬಾಬಾ ತಪ್ಪಿತಸ್ಥರಂತೆ.

ಅತ್ತೆ ಬುಟ್ಟಿಯ ಬಟ್ಟೆ ಕಿತ್ತೆಸೆದು ಹಣ್ಣುಗಳನ್ನು ನನ್ನ ಮುಂದೆ ಸುರಿದರು. "ಹಮ್ಮಸ್ ಬಟ್ಟಲಿಗೆ ತೆಗಿ. ಇವು ಇವತ್ತಿನ ಹಣ್ಣು, ನಾಳೆಗೆ ನಿಲ್ಲಲ್ಲ. ಅರೆ."

"ಏನು! ನಾನು? ಗ್ವಾಕಮೋಲೆ?"

"ಹಾಂ, ಆ ಮುಖ ಹಾಗೇ ಇರಲಿ. ಅರೆ ಬೇಗ."

ಬಾಬಾನ ಕಡೆ ನೋಡಿದೆ. "ಅರೆಯೋ," ಎಂದರು ಬಾಬಾ!

ಹಮ್ಮಸ್ ಹಿತ್ತಾಳೆ ಬಟ್ಟಲಿಗೆ ಇಳಿದು ಟಿಶ್ಯೂ ಡಬ್ಬಿಯ ಪಕ್ಕಕ್ಕೆ ಹೋಯಿತು. ನನ್ನ ಕುರ್ಚಿ ಒರಳಿನ ಮುಂದೆ, ನಟ್ಟ ನಡುವೆ ಬಂತು. ನಾನು ಹಲ್ಲು ಕಚ್ಚಿ ಅರೆದೆ. ಬೆಣ್ಣೆಹಣ್ಣಿಗೆ ಅಂಥ ಏಟು ಮೆಕ್ಸಿಕೋದ ಚರಿತ್ರೆಯಲ್ಲೇ ಬಿದ್ದಿರಲಾರದು. ತಿಂದವರೆಲ್ಲ ಗಳಗಳ ಅತ್ತರು, ಸೊರ್ ಎಂದು ಮೂಗೆಳೆದರು, ಮಾವನನ್ನು ನೆನೆದರು. ಎಲ್ಲರ ಕೈಯೂ ಕೊನೆಗೆ ನನ್ನ ಹಮ್ಮಸಿನ ಕಡೆಗೇ ಹೋಯಿತು, ಟಿಶ್ಯೂ ತೆಗೆದುಕೊಳ್ಳಲು. ನಾನೂ ರುಚಿ ನೋಡಿದೆ. ಚೆನ್ನಾಗಿತ್ತು. ಅದು ಚೆನ್ನಾಗಿದ್ದದ್ದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಹೊರಡುವಾಗ ಬಾಬಾನನ್ನು ಬಾಗಿಲಲ್ಲಿ ತಡೆದೆ. "ನಮ್ಮ ಹಮ್ಮಸ್ ಮೂಲೆಗೆ ಹೋಯ್ತಲ್ಲ, ಬಾಬಾ?"

"ಹೋಗಲಿ ಬಿಡೋ," ಎಂದರು, ನನ್ನ ಬೆನ್ನು ತಟ್ಟಿ. "ನೀನು ನಡುವೆ ಕೂತಿದ್ದೀಯಲ್ಲ. ಸಾಕು ನನಗೆ." ನೆಮ್ಮದಿಯಾಗಿ ಬಸ್ಸು ಹತ್ತಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಆ ವಾರವಿಡೀ ನಾನು ರಾಜ. ಅತ್ತೆ ಒಮ್ಮೆ "ಶಫೀಕ್, ಕಾಫಿ ಕುಡಿಯಪ್ಪ," ಎಂದೇಬಿಟ್ಟರು, ಪಾದ್ರಿಗಳು ಹತ್ತಿರವೆಲ್ಲೂ ಇಲ್ಲದಿದ್ದಾಗ! ಮುಂದಿನ ಭಾನುವಾರ ನಡುವಿನ ಕುರ್ಚಿಯಲ್ಲಿ ಕೂತು, ಸಿಳ್ಳೆ ಹಾಕುತ್ತ, ಹಣ್ಣುಗಳನ್ನು ಮುದ್ದಿಸುತ್ತ ಅರೆದೆ. ಅತ್ತೆ ರುಚಿ ನೋಡಿದರು. ಚಮಚ ಠಣ್ಣನೆ ಮೇಜಿನ ಮೇಲೆ ಬಿತ್ತು.

"ಸಪ್ಪೆ! ಈ ತುರ್ಕನನ್ನ ಖುಷಿಪಡಿಸಿದ್ದು ಯಾರು?"

ಎಲ್ಲರೂ ಒತೀಲಿಯಾಳ ಕಡೆ ನೋಡಿದರು.

"ಬೆಳಿಗ್ಗೆ ಒಂದೇ ಒಂದು ಒಳ್ಳೇ ಮಾತಾಡಿದೆ ಅಷ್ಟೆ, ಅಮ್ಮಾ," ಎಂದಳು ನನ್ನ ಹೆಂಡತಿ, ಕಳ್ಳಿಯಂತೆ.

"ಇನ್ಮೇಲೆ ಭಾನುವಾರ ಅದೆಲ್ಲ ಇಟ್ಕೋಬೇಡ."

ಇವತ್ತು ಮತ್ತೆ ಭಾನುವಾರ. ನನ್ನ ಕುರ್ಚಿ ಟಿಶ್ಯೂ ಡಬ್ಬಿಯ ಪಕ್ಕಕ್ಕೆ ಬಂದಿದೆ. ನಮ್ಮಮ್ಮನ ಹಿತ್ತಾಳೆ ಬಟ್ಟಲಿನಲ್ಲಿ ಬೆಣ್ಣೆಹಣ್ಣಿನ ಸಿಪ್ಪೆ ತುಂಬಿದ್ದಾರೆ. ಬೆಳಿಗ್ಗೆ ವೆರಾಕ್ರೂಸಿನಿಂದ ಫೋನು ಬಂತು, "ನಿಂದೂ ಒಂದು ಅಂಗಡಿಯೇನೋ?" ಎಂದಷ್ಟೇ ಹೇಳಿ ಬಾಬಾ ಇಟ್ಟುಬಿಟ್ಟರು. ಅತ್ತೆ ಹೇಳಿಸಿದ್ದಂತೆ! ನನ್ನ ಹೆತ್ತ ತಂದೆ!

ಇದನ್ನು ಬರೆಯುತ್ತಿರುವಾಗ ಒತೀಲಿಯಾ ಬಾಗಿಲಲ್ಲಿ ಇಣುಕಿದಳು.

"ಶಫೀಕ್, ಸಿಟ್ಟು ಬಂತಾ?"

"ಬಂದಿದೆ!" ಎಂದು ಗುಡುಗಿದೆ.

ಅವಳು ಒಳಗೆ ತಿರುಗಿ ಕೂಗಿದಳು: "ಅಮ್ಮಾ, ಹಣ್ಣು ಕೊಯ್ಯಿ!"