ಅವ್ವ ಬೇಯಿಸಿದ ಹಗ್ಗ

ಕೊಳೆಯಿಂದ ಹಾಳಾದ ಸಾಮಾನಿಗಿಂತ ಚೊಕ್ಕಟ ಮಾಡಲು ಹೋಗಿ ಹಾಳಾದ ಸಾಮಾನೇ ಲೋಕದಲ್ಲಿ ಹೆಚ್ಚು ಎಂಬುದು ನನ್ನ ಬಹುದಿನದ ಅನುಮಾನ. ನಿಮ್ಮ ಮನೆಯಲ್ಲೂ ಹುಡುಕಿ ನೋಡಿ. ಒರೆಸಿ ಒರೆಸಿ ಅಂಕಿಗಳೇ ಅಳಿಸಿಹೋದ ಟಿವಿ ರಿಮೋಟು, ಬಿಸಿನೀರಿಗೆ ಬಿದ್ದು ಮಗುವಿನ ಅಳತೆಗೆ ಬಂದ ಸ್ವೆಟರು, ಹುಣಿಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಮೂಗು ಮುಖ ಸವೆದ ಹಿತ್ತಾಳೆ ದೇವರು, ಇಂಥದ್ದು ಒಂದಾದರೂ ಸಿಕ್ಕೇ ಸಿಗುತ್ತದೆ. ಹಾಳು ಮಾಡಿದವರನ್ನು ಬೈಯುವ ಹಾಗೂ ಇಲ್ಲ. ಅವರು ಬೆವರು ಸುರಿಸಿ, ನಮಗೊಂದು ಉಪಕಾರ ಮಾಡಿದ ತೃಪ್ತಿಯಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿರುತ್ತಾರೆ. ನನ್ನ ಮನೆಯಲ್ಲಿ ಹೀಗೆ ಚೊಕ್ಕಟವಾದದ್ದು ಸ್ವೆಟರಲ್ಲ, ದೇವರೂ ಅಲ್ಲ. ಬಂಡೆ ಹತ್ತುವವರು ಸೊಂಟಕ್ಕೆ ಕಟ್ಟಿಕೊಳ್ಳುವ, ಅವರ ಜೀವ ಹಿಡಿದಿಡುವ, ನನ್ನ ಹತ್ತಿರ ಇದ್ದ ಒಂದೇ ಒಂದು ಹಗ್ಗ.

ನಾನು ಬಂಡೆ ಹತ್ತಿಸುವ ಗೈಡು. ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ಮನೆಯಲ್ಲಿ ಹುಟ್ಟಿದವನು ಈ ಕಸುಬಿಗೆ ಹೇಗೆ ಬಿದ್ದ ಎಂದು ಕೇಳಿದರೆ ಉತ್ತರ ಸುಲಭ. ನಾನು ಮಗ್ಗದ ಮುಂದೆ ಕೂತಾಗಲೆಲ್ಲ ಎಳೆ ಕಡಿಯುತ್ತಿತ್ತು. ಮೂರು ತಿಂಗಳು ಸಹಿಸಿಕೊಂಡ ಅಪ್ಪ ಒಂದು ದಿನ, "ನೀನು ಎದ್ದೋಗಿ ಏನಾರ ಮಾಡ್ಕಳಪ್ಪ, ಮಗ್ಗ ಬದುಕ್ಕಳ್ಳಿ" ಎಂದರು. ಎದ್ದುಹೋದವನು ಮೈಸೂರಿನಲ್ಲಿ ಹಗ್ಗ, ಗಂಟು, ಬಂಡೆ ಕಲಿತು ಬಂದೆ. ಈಗ ಏಳು ವರ್ಷವಾಯಿತು. ಆದರೂ ನನ್ನ ಕೆಲಸದ ಹೆಸರು ಊರಿಂದೂರಿಗೆ ಬದಲಾಗುತ್ತದೆ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಅವ್ವ "ನನ್ ಮಗ ಬಂಡ ಅತ್ತದ್ರಲ್ಲಿ ಎತ್ತಿದ ಕೈ" ಎಂದು ಹೇಳಿಕೊಂಡು ಬರುತ್ತಾಳೆ. ಯಳಂದೂರಿನಲ್ಲಿರುವ ಮಾವನವರು, ಬಂಡೆ ಎಂಬ ಮಾತೇ ಬಾರದಂತೆ, "ನಮ್ಮಳಿಯಂದ್ರು ಟೂರಿಸಂನಲ್ಲವ್ರೆ" ಎನ್ನುತ್ತಾರೆ. ಹನೂರಿನ ಕಡೆಯವರಿಗಂತೂ ಬಂಡೆ ನೋಡಲು ಬಂದವನೆಂದರೆ ಕಲ್ಲುಗಣಿಯವನೇ. ಬಂಡೆಯ ಪಕ್ಕದ ಹೊಲದ ಮುದುಕರೊಬ್ಬರು ಪ್ರತಿವರ್ಷ ತಪ್ಪದೆ, "ಯಾವಾಗ ಸಾ ಕಲ್ಲೊಡ್ಯೋಕೆ ಸುರು ಮಾಡೋದು?" ಎಂದು ಕೇಳುತ್ತಾರೆ. ಒಡೆಯುವುದಿಲ್ಲ, ಸುಮ್ಮನೆ ಹತ್ತಿ ಇಳಿಯುತ್ತಾರೆ ಎಂದರೆ, "ಮ್ಯಾಲ ಏನಾರ ಸಿಕ್ಕದಾ?" ಎನ್ನುತ್ತಾರೆ. ಏನೂ ಸಿಗುವುದಿಲ್ಲ ಎಂದರೆ, "ಮತ್ಯಾಕ್ ಸಾ ಅತ್ತೋದು?" ಎಂದು ಕೇಳಿ ಮತ್ತೆ ಕಳೆ ಕೀಳಲು ಕೂರುತ್ತಾರೆ.

ಬೇಸಿಗೆ ನಮ್ಮ ಕಸುಬಿಗೆ ಸುಗ್ಗಿ. ಮಕ್ಕಳಿಗೆ ರಜ, ಆಫೀಸಿನವರಿಗೆ ಎಲ್ಲಾದರೂ ಹೋಗುವ ಹುಕಿ. ಆದರೆ ಬಂಡೆಗೆ ರಜದ ವಿಷಯ ತಿಳಿಯದು. ಬೆಳಿಗ್ಗೆ ಒಂಬತ್ತೂವರೆ ಕಳೆಯಿತೆಂದರೆ ಅದರ ಮೇಲೆ ಹಪ್ಪಳ ಸುಡಬಹುದು. ಹಾಗಾಗಿ ಬೆಳಕು ಹರಿಯುವಾಗ ಶುರು ಮಾಡಿ, ಬಿಸಿಲೇರುವುದರೊಳಗೆ ಎಲ್ಲರನ್ನೂ ಇಳಿಸಿ, ಇಡ್ಲಿ ತಿನ್ನಿಸಿ ಕಳಿಸಬೇಕು. ಬಿಳಿಗಿರಿರಂಗನ ಬೆಟ್ಟದ ಕಡೆ ಹೋಗೋಣವೆಂದರೆ ಅದು ಹುಲಿಯ ಕಾಡು, ಬೇಸಿಗೆಯಲ್ಲಿ ಬೆಂಕಿಯ ಭಯ ಬೇರೆ, ಒಳಗೆ ಬಿಡುವುದಿಲ್ಲ. ನನಗೆ ಗತಿ ಕಾಮಗೆರೆ ದಾಟಿದ ಮೇಲೆ ಸಿಗುವ ಈ ಒಂದು ಬಂಡೆಯೇ. ಈ ಸಲ ಮೊದಲ ತಂಡವಾಗಿ ಮೈಸೂರಿನ ಒಂದು ಶಾಲೆಯ ಎಂಟು ಮಂದಿ ಮೇಷ್ಟ್ರುಗಳು ಭಾನುವಾರ ಬರುವವರಿದ್ದರು. ಅವರು ಹತ್ತಿ ನೋಡಿ ಒಪ್ಪಿದರೆ ವಾರಕ್ಕೊಂದು ತಂಡದಂತೆ ಮಕ್ಕಳನ್ನು ಕಳಿಸುತ್ತಾರೆ. ಒಪ್ಪದಿದ್ದರೆ ನಾನು ಬೇಸಿಗೆಯಿಡೀ ಮನೆಯಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳಬೇಕು. ನನ್ನ ಇಡೀ ಬೇಸಿಗೆ ಆ ಒಂದು ಭಾನುವಾರಕ್ಕೆ ಜೋತುಬಿದ್ದಿತ್ತು.

ಬುಧವಾರ ಬೆಳಿಗ್ಗೆ ಬಂಡೆಯಲ್ಲಿ ಹೆಜ್ಜೇನು ಕಟ್ಟಿದೆಯೋ ಹೇಗೆಂದು ನೋಡಿ ಬರಲು ಹೋದೆ. ಹೆಂಡತಿ ಮಕ್ಕಳು ರಜಕ್ಕೆ ಯಳಂದೂರಿಗೆ ಹೋಗಿದ್ದರು. ಮನೆಯಲ್ಲಿ ಅವ್ವ ಒಬ್ಬಳೇ. ಹಗ್ಗವನ್ನು ನೆರಳಲ್ಲಿ ಗಾಳಿಯಾಡಲೆಂದು ಹಿತ್ತಲಲ್ಲಿ ಸುತ್ತಿಟ್ಟಿದ್ದೆ. ಜೇನಿಲ್ಲವೆಂಬ ಸಂತೋಷದಲ್ಲಿ ಮಧ್ಯಾಹ್ನ ಮನೆಗೆ ಬಂದರೆ ಬಾಗಿಲಲ್ಲೇ ಮೂಗಿಗೆ ಒಂದು ಹಳೆಯ ವಾಸನೆ ಬಡಿಯಿತು. ಸೋಪು, ಸೋಡಾ ಕುದಿಯುವ ವಾಸನೆ. ನೇಯುವವರ ಮನೆಯಲ್ಲಿ ಹುಟ್ಟಿದವರಿಗೆ ಇದು ಗೊತ್ತು. ಕಚ್ಚಾ ರೇಷ್ಮೆಯಲ್ಲಿ ಅಂಟಿರುತ್ತದೆ, ನೂಲು ಬಿರುಸಾಗಿರುತ್ತದೆ. ಲಡಿಗಳನ್ನು ಕೋಲಿಗೆ ನೇತುಹಾಕಿ ಸೋಪು ಸೋಡಾದ ನೀರಿನಲ್ಲಿ ಬೇಯಿಸಿದರೆ ಅಂಟು ಬಿಟ್ಟು ನೂಲು ಮೆತ್ತಗಾಗಿ ಹೊಳೆಯುತ್ತದೆ. ಅವ್ವ ಮದುವೆಯಾಗಿ ಬಂದ ವರ್ಷದಿಂದ ಮಾಡಿದ ಕೆಲಸ ಅದು. ಅಪ್ಪ ಹೋದ ಮೇಲೆ ನಾಲ್ಕು ವರ್ಷದಿಂದ ಮಗ್ಗ ನಿಂತು, ಬೇಯಿಸುವ ಹಂಡೆ ಮೂಲೆ ಸೇರಿತ್ತು. ಈಗ ನೋಡಿದರೆ ಅದೇ ಹಂಡೆ ಒಲೆಯ ಮೇಲಿದೆ, ಅದೇ ಕೋಲು ಗೋಡೆಗೊರಗಿದೆ, ನನ್ನ ಹಗ್ಗ ಲಡಿಲಡಿಯಾಗಿ ತಂತಿಯ ಮೇಲೆ ನೀರು ಸೋರಿಸುತ್ತಿದೆ.

"ಒಳ್ಳೆ ಬೇಲಿ ತಂತಿ ಇದ್ದಂಗಿತ್ತು ಕಣ್ಲಾ ನಿನ್ನಗ್ಗ. ಅದ್ಯಾವನ್ಲಾ ಬೇಯಿಸ್ದೆ ನಿಂಗ ಕೊಟ್ಟವ್ನು?" ಎಂದಳು ಅವ್ವ. "ಎರಡು ನೀರು ಬೇಯಿಸಿವ್ನಿ. ಮುಟ್ಟು, ಮುಟ್ಟು ನೋಡು."

ಮುಟ್ಟಿದೆ. ನಿಜಕ್ಕೂ ಮೆತ್ತಗಿತ್ತು. ಸೀರೆ ನೇಯಲು ಅದಕ್ಕಿಂತ ಒಳ್ಳೆಯ ಹಗ್ಗ ಇರಲಾರದು. ಹಗ್ಗದ ಜೊತೆ ಬಂದ ಚೀಟಿಯಲ್ಲಿ ತಣ್ಣೀರಲ್ಲೇ ತೊಳೆಯಿರಿ, ಸೋಪು ತಾಗಿಸಬೇಡಿ, ಬಿಸಿಲಿಗೆ ಇಡಬೇಡಿ ಎಂದೆಲ್ಲ ಬರೆದಿದ್ದರು. ಹಂಡೆಗೆ ಹಾಕಿ ಬೇಯಿಸಬೇಡಿ ಎಂದು ಮಾತ್ರ ಬರೆದಿರಲಿಲ್ಲ. ಬರೆದವರಿಗೆ ಕೊಳ್ಳೇಗಾಲ ಗೊತ್ತಿರಲಿಲ್ಲ. ಬೆಂದ ಹಗ್ಗ ನಾಳೆಯೇ ಕಡಿಯುತ್ತದೆ ಎಂದಲ್ಲ. ಕಡಿಯುವುದಿಲ್ಲ ಎಂದು ಹೇಳುವವರು ಯಾರೂ ಇಲ್ಲ, ಅಷ್ಟೇ. ಅಂಥ ಹಗ್ಗಕ್ಕೆ ಯಾರನ್ನೂ ಕಟ್ಟಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಅದನ್ನು ಹೇಳಲು ಬಾಯಿ ತೆರೆದೆ. ಅವ್ವನ ಮುಖ ನೋಡಿದೆ. ನಾಲ್ಕು ವರ್ಷದಲ್ಲಿ ಆ ಮುಖ ಅಷ್ಟು ಗೆಲುವಾಗಿದ್ದದ್ದು ಕಂಡಿರಲಿಲ್ಲ. "ಚೆನ್ನಾಗದ ಕಣವ್ವ" ಎಂದುಬಿಟ್ಟೆ.

ಒಂದು ಸುಳ್ಳು ಹೇಳಿದವನಿಗೆ ಕೈತುಂಬ ಕೆಲಸ. ಮೈಸೂರಿನ ಗೆಳೆಯ ಶಿವುವಿಗೆ ಗುಟ್ಟಾಗಿ ಫೋನು ಮಾಡಿ ಅವನ ಹಗ್ಗ ಕೇಳಿದೆ. ಕಾರಣ ಕೇಳಿದವನು ಐದು ನಿಮಿಷ ನಕ್ಕು, "ಉಪ್ಪು ಖಾರ ಹಾಕಿದ್ರೇನೋ?" ಎಂದು ವಿಚಾರಿಸಿ, ಶುಕ್ರವಾರದ ಬಸ್ಸಿನಲ್ಲಿ ಕಳಿಸುತ್ತೇನೆಂದ. ಶುಕ್ರವಾರ ಬಸ್ಸುಗಳೆಲ್ಲ ಬಂದವು, ಹಗ್ಗ ಬರಲಿಲ್ಲ. "ನಾಳೆ ಗ್ಯಾರಂಟಿ" ಎಂದ. ಶನಿವಾರ ಮಧ್ಯಾಹ್ನವಾದರೂ ಪತ್ತೆಯಿಲ್ಲ. ಆಗ ನನ್ನ ತಲೆಗೆ ಶನಿ ಹೊಕ್ಕಿತು. ಇಷ್ಟಕ್ಕೂ ಏನಾಗಿದೆ ಈ ಹಗ್ಗಕ್ಕೆ, ಮೇಷ್ಟ್ರುಗಳು ಎಷ್ಟು ಭಾರ ಇದ್ದಾರು ಎಂದು ನನ್ನ ಮನಸ್ಸೇ ವಕೀಲಿಕೆ ಶುರು ಮಾಡಿತು. ಮಗ್ಗದ ಕೋಣೆಗೆ ಹೋಗಿ, ತೊಲೆಗೆ ಹಗ್ಗ ಬಿಗಿದು, ಸೊಂಟಪಟ್ಟಿಗೆ ಸಿಕ್ಕಿಸಿಕೊಂಡು ಕಾಲು ಮೇಲಕ್ಕೆತ್ತಿ ಜೋತುಬಿದ್ದೆ. ಹಗ್ಗ ತಡೆಯಿತು. ಜೋಕಾಲಿಯಂತೆ ತೂಗಿ ನೋಡಿದೆ. ಆಗಲೂ ತಡೆಯಿತು. ಖುಷಿಯಾಯಿತು. ಮರುಗಳಿಗೆಯೇ, ನೆಲದಿಂದ ಮೊಳದೆತ್ತರ ನನ್ನನ್ನು ಹೊತ್ತ ಹಗ್ಗವನ್ನು ನಂಬಿ ಎಂಟು ಮನೆಯ ಯಜಮಾನರನ್ನು ಬಂಡೆಗೆ ಬಿಡಲು ಹೊರಟ ನನ್ನ ಬಗ್ಗೆ ನಾಚಿಕೆಯಾಯಿತು. ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ಪಾಪ, ಹಳೆಯ ತೊಲೆ ಮುರಿದೀತೆಂದು ಹೆದರಿರಬೇಕು ಎಂದುಕೊಂಡೆ.

ಅವ್ವನ ವರ್ತನೆ ಗುರುವಾರದಿಂದಲೇ ಯಾಕೋ ಸರಿಯಿರಲಿಲ್ಲ. ಮೊದಲು, "ಭಾನ್ವಾರ ಅಮಾಸ ಕಣ್ಲಾ, ಓಗ್ಬ್ಯಾಡ" ಎಂದಳು. ಕ್ಯಾಲೆಂಡರು ತಂದು ತೋರಿಸಿ, ಅಮಾವಾಸ್ಯೆಗೆ ಇನ್ನೂ ಹತ್ತು ದಿನ ಇದೆ ಎಂದೆ. "ಆ ಕ್ಯಾಲೆಂಡ್ರು ಸರಿಗಿಲ್ಲ" ಎಂದಳು. ಶುಕ್ರವಾರ ಮಂಡಿನೋವು ಬಂತು. ಭಾನುವಾರವೇ ಕಾಮಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಂತೆ. ಇವತ್ತೇ ಹೋಗೋಣ, ಬೈಕ್ ತೆಗೆಯುತ್ತೇನೆ ಎಂದರೆ ಮಂಡಿನೋವು ತಟ್ಟನೆ ವಾಸಿ. ಶನಿವಾರ ಬೆಳಿಗ್ಗೆ ಹಲ್ಲಿ ನುಡಿಯಿತು. ವಯಸ್ಸಾಯಿತು, ಒಂಟಿತನ, ಮೊಮ್ಮಕ್ಕಳು ಬೇರೆ ಊರಿಗೆ ಹೋಗಿವೆ ಎಂದು ನಾನೇ ಅರ್ಥ ಹಚ್ಚಿಕೊಂಡು ದೊಡ್ಡ ಮನಸ್ಸು ಮಾಡಿ ಸುಮ್ಮನಾದೆ.

ಶನಿವಾರ ಸಂಜೆ ಐದರ ಬಸ್ಸಿನಲ್ಲಿ, ಅಕ್ಕಿ ಚೀಲದೊಳಗೆ ಸುರುಳಿಯಾಗಿ, ಶಿವುವಿನ ಹಗ್ಗ ಬಂದಿಳಿಯಿತು. ಡ್ರೈವರು ಚೀಲ ಕೊಟ್ಟಾಗ ನನಗಾದ ನೆಮ್ಮದಿಗೆ ಅವರ ಕೈ ಹಿಡಿದು ಕುಲುಕಿದೆ. ಅಕ್ಕಿ ಕಾಣದ ಮನುಷ್ಯನಿರಬೇಕೆಂದು ಅವರು ಕನಿಕರದಿಂದ ನೋಡಿದರು. ಚೀಲವನ್ನು ಮನೆಗೆ ತರದೆ ಪಕ್ಕದ ಬೀದಿಯ ಸೈಕಲ್ ಶಾಪಿನಲ್ಲಿಟ್ಟೆ. ಅವ್ವ ಬೇಯಿಸಿದ ಹಗ್ಗವನ್ನು ಅವಳ ಕಣ್ಣೆದುರೇ ಹೆಗಲಿಗೆ ಹಾಕಿಕೊಂಡು ಹೊರಡುವುದು, ಸೈಕಲ್ ಶಾಪಿನಲ್ಲಿ ಬದಲಾಯಿಸಿಕೊಳ್ಳುವುದು, ಇದು ನನ್ನ ಯೋಜನೆ.

ಭಾನುವಾರ ಬೆಳಗಿನ ಜಾವ ಬೆಂದ ಹಗ್ಗ ಹೆಗಲಿಗೇರಿಸಿ ಹೊರಟೆ. ಅವ್ವ ಹೊಸ್ತಿಲ ಮೇಲೆ ಕೂತಿದ್ದಳು. ನಮ್ಮ ಮನೆಯಲ್ಲಿ ಹೊಸ್ತಿಲ ಮೇಲೆ ಕೂತವರಿಗೆ ಬೈಗುಳ ಗ್ಯಾರಂಟಿ, ಬೈಯುವವಳು ಅವ್ವನೇ. "ತಲ ಸುತ್ತತದ ಕಣ್ಲಾ ಮಗ" ಎಂದು ಬಾಗಿಲ ಚೌಕಟ್ಟಿಗೆ ಒರಗಿದಳು. ನೀರು ಕೊಟ್ಟೆ, ಗಾಳಿ ಬೀಸಿದೆ. ಪಕ್ಕದ ಮನೆಯವರನ್ನು ಕರೆಯುತ್ತೇನೆಂದು ಏಳಲು ಹೋದರೆ ಏಳಲಾಗಲಿಲ್ಲ. ತಲೆ ಸುತ್ತುತ್ತಿದ್ದವಳು ನನ್ನ ಹೆಗಲಿನ ಹಗ್ಗದ ತುದಿಯನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು ಗಟ್ಟಿಯಾಗಿ ಹಿಡಿದಿದ್ದಳು. "ಓಗ್ಬ್ಯಾಡ ಕಣಪ್ಪ. ಇದೊಂದ್ಸಲ ನನ್ ಮಾತ್ ಕೇಳು" ಎಂದಳು. ಕಣ್ಣಲ್ಲಿ ನೀರಿತ್ತು. ಅದು ನಾಟಕದ ನೀರಲ್ಲ.

ಅತ್ತ ಕಾಮಗೆರೆಯಲ್ಲಿ ಮೇಷ್ಟ್ರುಗಳು ಬಂದಿಳಿಯುವ ಹೊತ್ತು. ಇತ್ತ ಅವ್ವ. ನನಗೆ ಇನ್ನು ತಡೆಯಲಾಗಲಿಲ್ಲ. "ಈ ಅಗ್ಗ ಯಾರ್ಗೂ ಕಟ್ಟಕಿಲ್ಲ ಕಣವ್ವ. ಬೇಯಿಸಿದ್ದು ಆಗಿಬರಕಿಲ್ಲ. ಬೇರೆ ತರಿಸಿವ್ನಿ" ಎಂದೆ.

"ದಿಟವಾ?"

"ಮಾದಪ್ಪನಾಣೆಗೂ."

ಅವ್ವ ಹಗ್ಗ ಬಿಟ್ಟು ಎದ್ದು ನಿಂತಳು. ತಲೆಸುತ್ತು ಎಲ್ಲಿ ಹೋಯಿತೋ! "ಮೂರು ದಿನ ನನ್ ಹೊಟ್ಟೆ ಉರಿಸ್ದಲ್ಲೋ ಪಾಪಿ! ಬುಧ್ವಾರ ಸಂಜ್ಗೇ ನಂಗ ಗೊತ್ತಾಯ್ತು. ಬೆಂದ ನೂಲ್ನ ಹಿಂಡುದ್ರ ಸದ್ದು ಬರ್ಬೇಕು. ಇದ್ರಲ್ಲಿ ಸದ್ದೇ ಇಲ್ಲ, ಸತ್ತೋದ ನೂಲು. ಅದ್ನೇ ಕಟ್ಕಂಡು ನೀನು ಬಂಡ ಅತ್ತೀಯಲ್ಲ ಅಂತ ನಂಗ ಕೂಳು ನೀರು ಸೇರ್ನಿಲ್ಲ."

"ಅಂಗಾರ ಯೋಳ್ಬಾರ್ದಾಗಿತ್ತಾ?"

"ಮದ್ವೆಯಾಗಿ ಬಂದಾಗಿಂದ ನೂಲು ಬೇಯಿಸ್ದವ್ಳು, ಕೆಡಿಸ್ಬುಟ್ಟೆ ಅಂತ ಯಾವ ಬಾಯಲ್ಲಿ ಯೋಳ್ಲಿ? ನೀನು ಬೇರೆ ಚೆನ್ನಾಗದ ಚೆನ್ನಾಗದ ಅಂದ್ಯಲ್ಲ!"

ಇಬ್ಬರೂ ಹೊಸ್ತಿಲ ಆಚೆ ಈಚೆ ನಿಂತು ನಕ್ಕೆವು. ಬುಧವಾರದಿಂದ ಎದೆಯ ಮೇಲಿದ್ದ ಭಾರ ಇಳಿದು ನನಗೆ ಮೈಯೆಲ್ಲ ಹಗುರವಾಯಿತು. ಆ ಹಗುರದಲ್ಲಿ ನಾಲಿಗೆಯೂ ಸಡಿಲವಾಯಿತು. ಅವ್ವ, "ಆ ಹೊಸಾ ಅಗ್ಗ ಗಟ್ಟಿಯಾಗದಾ? ನೀನು ಬಿದ್ಗಿದ್ದೀಯ" ಎಂದಳು. ಅವಳ ಭಯವನ್ನು ಬೇರುಸಹಿತ ಕಿತ್ತುಹಾಕೋಣವೆಂದು, "ನಾನೆಲ್ಲಿ ಬೀಳೋದು ಕಣವ್ವ? ಅತ್ತೋರು ಅವ್ರು. ನಾನು ಕೆಳಗ ನಿಂತ್ಕಂಡು ಅಗ್ಗ ಹಿಡ್ಕಂಡಿರ್ತೀನಿ" ಎಂದೆ.

"ಮ್ಯಾಲ ಅಗ್ಗ ಕಟ್ಟೋರ್ಯಾರು?"

"ನಾನೇ. ಬಂಡ ಹಿಂದ್ಗಡೆ ಕಾಲ್ದಾರಿ ಅದ. ನಡ್ಕಂಡು ಓಗಿ ಕಟ್ಬುಟ್ಟು ಬತ್ತೀನಿ. ಆಡು ಮೇಯಿಸೋರೂ ಅಲ್ಲೇ ಅತ್ತಾರ."

ಅವ್ವ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. "ಅಂದ್ರ, ಏಳೊರ್ಸದಿಂದ ನೀನು ನೆಲದ ಮ್ಯಾಲೇ ನಿಂತಿದ್ದೀಯ?" ಎಂದಳು. "ನನ್ ಮಗ ಬೀಳ್ದೇ ಇರ್ಲಿ ಅಂತ ಮಾದಪ್ಪನಿಗ ಹರಕೆ ಹೊತ್ಕಂಡು ಏಳೊರ್ಸ ಸೋಮ್ವಾರ ಸೋಮ್ವಾರ ಒಪ್ಪೊತ್ತು ಮಾಡ್ದ್ನಲ್ಲೋ!"

ಸೋಮವಾರ ಅವ್ವ ಒಂದೇ ಹೊತ್ತು ಉಣ್ಣುವುದು ನನಗೆ ಗೊತ್ತಿತ್ತು. ಬಿಪಿಗೆ ಡಾಕ್ಟರು ಹೇಳಿರಬೇಕೆಂದುಕೊಂಡಿದ್ದೆ. ಬೆಂದ ಹಗ್ಗವನ್ನು ಅಲ್ಲೇ ಬಿಟ್ಟು ಬೈಕು ಹತ್ತಿ, ಸೈಕಲ್ ಶಾಪಿನಿಂದ ಶಿವುವಿನ ಹಗ್ಗ ಎತ್ತಿಕೊಂಡು ಹೊರಟೆ.

ಮೇಷ್ಟ್ರುಗಳು ಸೊಗಸಾಗಿ ಹತ್ತಿದರು. ಗಣಿತದವರೊಬ್ಬರು ಅರ್ಧದಲ್ಲಿ ನಿಂತು ಮೇಲೆ ಉಳಿದ ದೂರ ಹೆಚ್ಚೋ ಕೆಳಗಿನದು ಹೆಚ್ಚೋ ಎಂದು ಲೆಕ್ಕ ಹಾಕುತ್ತ ಹೊತ್ತು ಕಳೆದದ್ದು ಬಿಟ್ಟರೆ ಯಾವ ತೊಂದರೆಯೂ ಆಗಲಿಲ್ಲ. ಒಂಬತ್ತಕ್ಕೆ ಎಲ್ಲರೂ ಕ್ಷೇಮವಾಗಿ ಇಡ್ಲಿಯ ಮುಂದೆ ಕೂತಿದ್ದರು. ಮಕ್ಕಳನ್ನು ಕಳಿಸಲು ಒಪ್ಪಿದರು. ನನ್ನ ಬೇಸಿಗೆ ಉಳಿಯಿತು.

ಮಾರನೆಯ ಸೋಮವಾರ ಅವ್ವ ಮತ್ತೆ ಒಂದೇ ಹೊತ್ತು ಉಂಡಳು. "ಇನ್ನ್ಯಾಕವ್ವ?" ಎಂದೆ. "ನಿಂಗಲ್ಲ ಬುಡು, ಅತ್ತೋರ್ಗ" ಎಂದಳು. ಅಂದಿನಿಂದ ಪ್ರತಿ ಶನಿವಾರ ಸಂಜೆ, ಮರುದಿನ ಹತ್ತುವವರ ಹೆಸರುಗಳನ್ನು ನನ್ನಿಂದ ಓದಿಸಿಕೊಂಡು, ದೇವರ ಪಟದ ಮುಂದೆ ಕಣ್ಣು ಮುಚ್ಚಿ ಒಂದೊಂದಾಗಿ ಒಪ್ಪಿಸುತ್ತಾಳೆ. ಶಾಲೆಯ ಮಕ್ಕಳು, ಬ್ಯಾಂಕಿನವರು, ಅವರನ್ನು ಕರೆತರುವ ವ್ಯಾನಿನ ಡ್ರೈವರು, ಯಾರನ್ನೂ ಬಿಡುವುದಿಲ್ಲ. ಮೊನ್ನೆ ಪಟ್ಟಿಯೆಲ್ಲ ಮುಗಿದು ಅವ್ವ ಕರ್ಪೂರ ಹಚ್ಚಲು ಹೊರಟಾಗ, ನನ್ನ ಹೆಸರು ಮರೆತಿರಬಹುದೆಂದು ನಾನು ಪಕ್ಕದಲ್ಲಿ ನಿಂತು ಮೆಲ್ಲಗೆ ಕೆಮ್ಮಿದೆ. ಅವ್ವ ಒಂದು ಕಣ್ಣು ತೆರೆದು ನೋಡಿ, "ನಿಂಗ್ಯಾತಕ್ಲಾ? ಬಿಸ್ಲಲ್ಲಿ ನಿಂತಿರ್ತೀಯ, ತಲ ಮ್ಯಾಲ ಒಂದು ಟವಲ್ ಆಕ್ಕೊ, ಸಾಕು" ಎಂದಳು.