ಜರ್ಮನ್‌ಟೌನಿನಲ್ಲೊಂದು ರೋಮನ್ ಪ್ರತಿಜ್ಞೆ

ಹೆಂಡತಿ ಕಾಲೇಜಿಗೆ ಸೇರಿದರೆ ಗಂಡನಿಗೂ ಹೋಮ್‌ವರ್ಕ್ ಇರುತ್ತದೆಂದು ಮದುವೆಗೆ ಮುಂಚೆ ನನಗೆ ಯಾರೂ ಹೇಳಿರಲಿಲ್ಲ. ತೊಂಬತ್ತರ ದಶಕದ ಮಾತು. ಆಗ ನಾವು ಅಮೆರಿಕದ ಜರ್ಮನ್‌ಟೌನಿನ ಅಪಾರ್ಟ್‌ಮೆಂಟೊಂದರಲ್ಲಿದ್ದೆವು. ನನ್ನ ವೀಸಾದ ಬಾಲ ಹಿಡಿದು ಬಂದಿದ್ದ ಶೋಭಾ ಕೆಲಸ ಮಾಡುವಂತಿರಲಿಲ್ಲ, ಓದಬಹುದಿತ್ತು. ಸಂಜೆ ಕಾಲೇಜಿನಲ್ಲಿ ಸೀಟು ಉಳಿದಿದ್ದುದು ಯೂರೋಪಿನ ಕಲೆಯ ಕ್ಲಾಸಿನಲ್ಲಿ ಮಾತ್ರ. ಸೇರಿದಳು. ತನ್ನ ಇಂಗ್ಲಿಷ್ ಕೇಳಿ ಎಲ್ಲಿ ನಗುತ್ತಾರೋ ಎಂದು ಹೆದರಿ, ವಾರಗಟ್ಟಲೆ ಹಿಂದಿನ ಸಾಲಿನಲ್ಲಿ ಬಾಯಿ ಬಿಡದೆ ಕೂತು ಬಂದಳು.

ಪಾಠ ಹಳೆಯ ಗ್ರೀಸ್, ರೋಮುಗಳ ಮಾದರಿ ಹಿಡಿದ ನಿಯೋಕ್ಲಾಸಿಕಲ್ ಚಿತ್ರಗಳಿಗೆ ಬಂದಾಗ ತಪ್ಪಿಸಿಕೊಳ್ಳಲಾಗಲಿಲ್ಲ. ಒಂದು ಚಿತ್ರದಂತೆ ಮನೆಯವರನ್ನು ನಿಲ್ಲಿಸಿ, ಫೋಟೋ ತೆಗೆದು, ಕ್ಲಾಸಿನ ಮುಂದೆ ವಿವರಿಸಬೇಕು. ಅವಳು ಆರಿಸಿದ ಚಿತ್ರದಲ್ಲಿ ರೋಮಿನ ಮುದುಕನೊಬ್ಬ ಕತ್ತಿಗಳನ್ನು ಎತ್ತಿ ಹಿಡಿದಿದ್ದಾನೆ. ಅವನ ಮೂವರು ಗಂಡುಮಕ್ಕಳು ಕೈ ಚಾಚಿ ಯುದ್ಧಕ್ಕೆ ಆಣೆ ಇಡುತ್ತಿದ್ದಾರೆ. ಹೆಂಗಸರು ಮೂಲೆಯಲ್ಲಿ ಕುಸಿದು ಅಳುತ್ತಿದ್ದಾರೆ. ನಾನು ಆಫೀಸಿನಿಂದ ಬಂದವನೇ ಬೆಡ್‌ಶೀಟ್ ಹೆಗಲಿಗೇರಿಸಿ, ಕನ್ನಡಿಯ ಮುಂದೆ ಕೈ ಚಾಚಿ ನೋಡಿಕೊಂಡೆ. ರೋಮಿಗೆ ಆ ತೋಳು ಸಾಕೆನಿಸಿತು.

ಮೇಲಿನ ಮನೆಯಿಂದ ಮೈಸೂರಿನ ಇಮ್ತಿಯಾಜ್ ಮತ್ತು ಅವನ ಹೆಂಡತಿ ನಸ್ರೀನ್ ಬಂದರು. ಶೋಭಾ ಪಾತ್ರ ಹಂಚಿದಳು. ಇಮ್ತಿಯಾಜ್ ದೊಡ್ಡ ಮಗ, ನಸ್ರೀನ್ ಎರಡನೆಯವನು. ಮೂರನೆಯವನು ನಮ್ಮ ವ್ಯಾಕ್ಯೂಮ್ ಕ್ಲೀನರ್. ಅದಕ್ಕೊಂದು ಟವೆಲ್ ಹೊದಿಸಲಾಯಿತು. ತಂದೆಯ ಪಾತ್ರ ತನಗೇ ಇಟ್ಟುಕೊಂಡಳು. ಕತ್ತಿಗಳ ಬದಲು ಸೌಟು, ಲಟ್ಟಣಿಗೆ, ದೋಸೆ ಮಗುಚುವ ಕೈ.

"ನಾನು?" ಎಂದೆ.

"ನೀವು ಮೂಲೇಲಿ ಅಳ್ತಾ ಕೂತ್ಕೊಳ್ಳಿ."

"ವ್ಯಾಕ್ಯೂಮ್ ಕ್ಲೀನರ್‌ಗಿಂತ ನಾನು ಕಡೇನಾ?"

"ಅದು ನೆಟ್ಟಗೆ ನಿಲ್ಲತ್ತೆ ರೀ. ನಿಯೋಕ್ಲಾಸಿಕಲ್‌ನಲ್ಲಿ ಲೈನ್ ತುಂಬಾ ಇಂಪಾರ್ಟೆಂಟು."

ಚಾಚಿದ ಕೈ ಇಳಿಸದೆ ಇಮ್ತಿಯಾಜ್, "ಕೂತ್ಕೊ ಗುರು, ಭುಜ ನೋಯ್ತಿದೆ," ಎಂದ.

ಕೂತೆ. ಶೋಭಾ ಕ್ಯಾಮೆರಾದ ಟೈಮರ್ ಒತ್ತಿ ಓಡಿ ಬಂದು ನಿಂತಾಗಲೆಲ್ಲ ನಸ್ರೀನ್ ನಕ್ಕು ಎಲ್ಲವನ್ನೂ ಕೆಡಿಸುತ್ತಿದ್ದಳು. "ಈ ಪೇಂಟಿಂಗಲ್ಲಿ ಯಾರೂ ನಗಲ್ಲ!" ಎಂದು ಶೋಭಾ ಸೌಟು ಬೀಸಿದಳು. ರೀಲು ಮುಗಿಯುವವರೆಗೂ ನಾನು ಗೋಡೆಗೆ ತಲೆ ಕೊಟ್ಟು ಶೋಕಿಸಿದೆ.

ಮುಂದಿನ ವಾರ ಅವಳನ್ನು ಕರೆತರಲು ಹೋದೆ. ಕಾರು ಹತ್ತಿದವಳ ಮುಖ ಅರಳಿತ್ತು. ಎಲ್ಲರೂ ನಕ್ಕರಂತೆ, ಅವಳ ಇಂಗ್ಲಿಷಿಗಲ್ಲ, ಫೋಟೋಗೆ. ಆಮೇಲೆ ಅವಳ ಮಾತು ನಿಲ್ಲಿಸಲು ಟೀಚರ್ ಗಡಿಯಾರ ತೋರಿಸಬೇಕಾಯಿತಂತೆ.

"ಮೂಲೇಲಿರೋ ಲೇಡಿ ದುಃಖ ಎಷ್ಟು ರಿಯಲ್ ಆಗಿದೆ, ಹೇಗೆ ಮಾಡಿಸಿದ್ರಿ ಅಂತ ಟೀಚರ್ ಕೇಳಿದ್ರು ರೀ."

ನಾನು ಸ್ಟೀರಿಂಗ್ ಹಿಂದೆ ಕೊಂಚ ನೆಟ್ಟಗಾದೆ. "ಏನಂದೆ?"

"ಫೋಟೋ ಮುಗಿಯೋವರೆಗೂ ಊಟ ಹಾಕಿರ್ಲಿಲ್ಲ ಅಂದೆ."

ನಾನದನ್ನು ಅಭಿನಯವೆಂದೇ ತಿಳಿದಿದ್ದೆ.