ಗಸಿ ತೊಳೆದು ತಿನ್ನುವ ಮಾವ

ಅಡುಗೆಗೆ ಮೊದಲು ಮೀನನ್ನು ಎಲ್ಲರೂ ತೊಳೆಯುತ್ತಾರೆ. ಅಡುಗೆಯಾದ ಮೇಲೆ ತೊಳೆಯುವವರು ಇಡೀ ಮಂಗಳೂರಿನಲ್ಲಿ ಒಬ್ಬರೇ, ನನ್ನ ಸೋದರಮಾವ! ಜೆಪ್ಪಿನ ಮನೆಯಲ್ಲಿ ಅತ್ತೆ ಬಡಿಸಿದ ಬಂಗುಡೆ ಗಸಿಯ ಮಂದ ಮಸಾಲೆ ಸಾರಿನಿಂದ ಒಂದು ಮೀನಿನ ತುಂಡನ್ನೆತ್ತಿ, ನಳ್ಳಿ ನೀರಿನ ಕೆಳಗೆ ಹಿಡಿದು, ಬಿಳುಚಿದ ಮೇಲೆ ಬಾಯಿಗಿಡುತ್ತಿದ್ದರು.

"ಮಸಾಲೆ ಒಳಗೆ ಹೋಗ್ಲಿಲ್ಲ ಮಾರಾಯ್ತಿ. ಹೊರಗೆ ಮೆತ್ತಿಕೊಂಡದ್ದು ಮಾತ್ರ."

"ಮೊದಲು ನಿಮ್ಮ ಬಾಯಿ ತೊಳ್ಕೊಳ್ಳಿ!" ಎನ್ನುತ್ತಿದ್ದರು ಅತ್ತೆ.

ಇದು ಬೈಕಂಪಾಡಿಯಿಂದ ಅಂಟಿದ ರೋಗ. ಎಂಬತ್ತರ ದಶಕದಲ್ಲಿ ಮಾವ ಅಲ್ಲಿನ ಮಾತ್ರೆ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಸೆಲೆನಿಯಂ ಎಂಬ ಪೌಷ್ಟಿಕ ಖನಿಜ ಇರುವ ಈಸ್ಟ್ ಮಾತ್ರೆಗಳನ್ನು ಪರೀಕ್ಷಿಸುವುದು ಅವರ ಕೆಲಸ. ಸೆಲೆನಿಯಂ ಉಣ್ಣಿಸಿ ಈಸ್ಟ್ ಬೆಳೆಸಿದರೆ ಅದು ಈಸ್ಟಿನ ಮೈಯೊಳಗೇ ಸೇರುತ್ತದೆ, ತೊಳೆದರೂ ಹೋಗದು. ಅಡ್ಡದಾರಿಯವರು ಸೆಲೆನಿಯಂ ಉಪ್ಪನ್ನು ಒಣ ಈಸ್ಟಿಗೆ ಸುಮ್ಮನೆ ಬೆರೆಸುತ್ತಾರೆ. ತೊಳೆದರೆ ನೀರುಪಾಲು! ಆದರೆ ತೊಳೆಯದೆ ಒಟ್ಟು ಅಳೆದರೆ ಎರಡೂ ಒಂದೇ. ಹಾಗಾಗಿ ಮಾವನ ಮಂತ್ರ: "ಎಷ್ಟುಂಟು ಅಂತ ಕೇಳ್ಬೇಡ, ಎಲ್ಲಿ ಉಂಟು ಅಂತ ಕೇಳು."

ಅಕ್ಕನನ್ನು ನೋಡಲು ಬಂದ ಹುಡುಗನ ವಿನಯ ಕಂಡು ನಾವೆಲ್ಲ ಕರಗಿ ಹೋದೆವು. ಮಾವ ಕರಗಲಿಲ್ಲ. "ತೊಳೆದು ನೋಡುವ" ಎಂದು ಸಂಜೆಯ ನೂಕುನುಗ್ಗಲಿನಲ್ಲಿ ಅವನನ್ನು ಹಂಪನಕಟ್ಟೆಯ ಬಸ್ ಸ್ಟ್ಯಾಂಡಿಗೆ ಕರೆದೊಯ್ದರು. ಬಸ್ಸು ಬಂದದ್ದೇ ತಡ, ಹುಡುಗ ಒಬ್ಬ ಮುದುಕಿಯನ್ನು ತಳ್ಳಿ ಹತ್ತಿ ಕಿಟಕಿ ಪಕ್ಕ ಕೂತ. ಮಾವ ಸ್ಟ್ಯಾಂಡಿನಲ್ಲೇ ಉಳಿದರು. ಸಂಬಂಧವೂ ಅಲ್ಲೇ ಉಳಿಯಿತು!

ಕೊನೆಗೆ ಈ ಹುಚ್ಚು ಅವರ ಅನ್ನಕ್ಕೇ ಕುತ್ತು ತಂದಿತು. ಒಮ್ಮೆ ಕಾರ್ಖಾನೆಯ ಹೊಸ ಮಾಲು ತೊಳೆದರೆ ಸೆಲೆನಿಯಂ ಎಲ್ಲ ನೀರಿಗೆ ಬಂತು.

"ಚೀಟಿಯಲ್ಲಿ ಹೇಳಿದಷ್ಟು ಉಂಟಲ್ಲ ಮಾರಾಯ್ರೇ, ರಿಪೋರ್ಟಿಗೆ ಸಹಿ ಹಾಕಿ. ಇಲ್ಲದಿದ್ರೆ ನಾಳೆಯಿಂದ ಬರುವುದು ಬೇಡ," ಎಂದರು ಧಣಿ.

ಮಾವ ಪೆನ್ನಿನ ಮುಚ್ಚಳ ಹಾಕಿ, ಮಧ್ಯಾಹ್ನದ ಬಸ್ಸಿಗೇ ಮನೆಗೆ ಬಂದರು. ನಡೆದದ್ದನ್ನು ಹೇಳಿ ತಲೆ ತಗ್ಗಿಸಿ ಊಟಕ್ಕೆ ಕೂತರು. ಅತ್ತೆ ಈಗ ಇಷ್ಟು ವರ್ಷದ ಸಿಟ್ಟೆಲ್ಲ ಹೊರಗೆ ಹಾಕುತ್ತಾರೆಂದುಕೊಂಡೆ, ಅವತ್ತು ಅಲ್ಲೇ ಊಟಕ್ಕಿದ್ದ ನಾನು. ಅತ್ತೆ ಗಸಿ ಬಡಿಸಿದರು. ಮಾವ ನಳ್ಳಿಯ ಕಡೆ ತಿರುಗಿಯೂ ನೋಡಲಿಲ್ಲ. ಅದನ್ನು ಕಂಡು ನನಗೆ ಅಳು ಬಂತು.

ಆಗ ಅತ್ತೆ ತಾವೇ ಒಂದು ಮೀನಿನ ತುಂಡನ್ನೆತ್ತಿ, ನಳ್ಳಿಯ ಕೆಳಗೆ ಚೆನ್ನಾಗಿ ತೊಳೆದು, ಮಾವನ ಬಟ್ಟಲಿಗೆ ಹಾಕಿದರು.

"ನಿನ್ನೆ ಮಾಡಿಟ್ಟ ಗಸಿ, ರಾತ್ರಿಯಿಡೀ ಮಸಾಲೆಯಲ್ಲಿ ನೆನೆದದ್ದು. ನೋಡಿ ಹೇಳಿ, ಒಳಗೆ ಉಂಟಾ?"

ಮಾವ ಬಾಯಿಗಿಟ್ಟರು. ಕಣ್ಣು ತುಂಬಿತು.

"ಉಂಟು ಮಾರಾಯ್ತಿ."

"ಹಾಗಾದ್ರೆ ಸರಿಯಾಗಿ ಉಣ್ಣಿ," ಎಂದು ಅತ್ತೆ ಇನ್ನೊಂದು ಸೌಟು ಅನ್ನ ಹಾಕಿದರು. "ಬೇರೆ ಕೆಲಸ ಸಿಗ್ತದೆ."